ಹಿಟ್ಟು ಬಿದ್ದರೆ ಹಲ್ಲು ಮೊಂಡು

ಅವನ ಹಳೆಯ ಮರ ಕೊಯ್ಯುವ ಮಿಷನ್ನಿಗೆ ಮನೆಯವರು ಇಟ್ಟ ಹೆಸರು ಮುದುಕಿ. ಅವನಿಗೆ ಬೀದಿಯವರು ಇಟ್ಟ ಹೆಸರು ಗುಡುಗಣ್ಣ. ಮುದುಕಿ ಅವನ ಅಪ್ಪನ ಕಾಲದ್ದು. ಬಣ್ಣವೆಲ್ಲ ಹೋಗಿತ್ತು, ಹಿಡಿಗೆ ಸುತ್ತಿದ ಟೇಪು ಎಷ್ಟೋ ಸಲ ಬದಲಾಗಿತ್ತು. ಇಂಜಿನ್ನು ಮಾತ್ರ ಗಟ್ಟಿ. ಗುಡುಗಣ್ಣನ ಹೆಸರು ಬಂದದ್ದು ಅವನ ಗಂಟಲಿನಿಂದ. ವರ್ಷಗಟ್ಟಲೆ ಆ ಮಿಷನ್ನಿನ ಪಕ್ಕ ನಿಂತು ಕಿವಿ ಮಂದವಾಗಿತ್ತು. ಕಿವಿ ಮಂದವಾದವರು ಎದುರಿನವರಿಗೂ ಕೇಳಿಸುವುದಿಲ್ಲ ಎಂದುಕೊಂಡು ಕೂಗಿ ಮಾತಾಡುತ್ತಾರೆ.

ಈಚೆಗೆ ಮುದುಕಿ ಕೊಯ್ಯುತ್ತಲೇ ಇರಲಿಲ್ಲ. ಮರದ ಮೇಲೆ ಇಟ್ಟರೆ ಕಿರುಗುಟ್ಟುತ್ತಿತ್ತು, ಹೊಗೆ ಬಿಡುತ್ತಿತ್ತು. ಒತ್ತಿ ಒತ್ತಿ ಗುಡುಗಣ್ಣನ ತೋಳು ಬಿದ್ದುಹೋಗುತ್ತಿತ್ತು. ಬೆಳಿಗ್ಗೆ ಮುಗಿಯಬೇಕಾದ ಕೆಲಸ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಒಲೆಗೆ ಸೌದೆ ಕೇಳಿದ್ದ ಬೇಕರಿ ಯಜಮಾನ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಏನಪ್ಪಾ ಗುಡುಗಣ್ಣ, ಬನ್ನು ಬೇಯಬೇಕಾ ಬೇಡ್ವಾ?"

"ಬೇಯುತ್ತೆ ಸ್ವಾಮಿ. ಮುದುಕಿಗೆ ವಯಸ್ಸಾಯ್ತು, ನಾನೇನು ಮಾಡ್ಲಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ ಮುದುಕಿ, ಅದಕ್ಕೆ ಬಾಯಿಲ್ಲ. ಇದ್ದಿದ್ದರೆ ಹೇಳುತ್ತಿತ್ತು, ವಯಸ್ಸಲ್ಲಪ್ಪ, ಹಲ್ಲು ಎಂದು.

ಹಾಗೆ ಹೇಳಿದವನು ಒಬ್ಬನಿದ್ದ. ಗುಡುಗಣ್ಣನ ಹೆಂಡತಿಯ ತಮ್ಮ. ಅವನನ್ನು ಎಲ್ಲರೂ ಶಿಳ್ಳೆ ಎಂದೇ ಕರೆಯುತ್ತಿದ್ದರು. ಎರಡು ಬೆರಳು ಬಾಯಿಗಿಟ್ಟು ಊದಿದರೆ ಆಚೆ ಬೀದಿಯ ನಾಯಿಗಳೂ ತಲೆ ಎತ್ತುತ್ತಿದ್ದವು. ಅಕ್ಕನ ಮನೆಯಲ್ಲೇ ಇದ್ದ. ಅಕ್ಕ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ತಮ್ಮ ಭಾವನ ಜೊತೆ ಮರದ ಕೆಲಸಕ್ಕೆ ಹೋಗುತ್ತಿದ್ದ.

ಮರ ಉರುಳಿಸುವಾಗ ಅವರಿಬ್ಬರದೂ ಒಂದು ಕಟ್ಟುಪಾಡು ಇತ್ತು. ಗುಡುಗಣ್ಣನ ಅಪ್ಪ ಕಲಿಸಿದ್ದು. ಮರ ಯಾವ ಕಡೆ ಬೀಳಬೇಕೋ ಆ ಕಡೆ ಮೊದಲು ಒಂದು ಕಚ್ಚು ಕೊಯ್ಯಬೇಕು. ಆಮೇಲೆ ಮಿಷನ್ನು ಪೂರ್ತಿ ನಿಲ್ಲಿಸಬೇಕು. ದೂರದಲ್ಲಿ ನಿಂತವನು ಮರದ ತುದಿಯನ್ನು, ಒಣಗಿದ ಕೊಂಬೆಗಳನ್ನು, ಸುತ್ತಮುತ್ತಲ ಜನರನ್ನು ನೋಡಬೇಕು. ಒಂದು ಉದ್ದ ಶಿಳ್ಳೆ ಬಂದರೆ ಕೊಯ್ಯಿ ಎಂದು. ಎರಡು ಚಿಕ್ಕ ಶಿಳ್ಳೆ ಬಂದರೆ ಎಲ್ಲ ಬಿಟ್ಟು ಓಡು ಎಂದು. ಶಿಳ್ಳೆ ಬರುವ ತನಕ ಮರದ ಹಿಂಬದಿಯ, ಅದನ್ನು ಬೀಳಿಸುವ ಕೊಯ್ತಕ್ಕೆ ಕೈ ಹಾಕುವಂತಿಲ್ಲ. ಅಷ್ಟು ವರ್ಷ ಇಬ್ಬರಿಗೂ ಒಂದು ತರಚು ಗಾಯ ಕೂಡ ಆಗದಿದ್ದುದು ಈ ಕಟ್ಟುಪಾಡಿನಿಂದ.

ಒಂದು ದಿನ ಬೇಕರಿಯ ಹಿತ್ತಲಲ್ಲಿ ಬಿದ್ದಿದ್ದ ಒಂದು ದಿಮ್ಮಿಯನ್ನು ಕೊಯ್ಯುವಾಗ ಶಿಳ್ಳೆ ಕೆಳಗೆ ಕೂತು ಪುಡಿಯನ್ನು ಕೈಗೆ ತೆಗೆದುಕೊಂಡ.

"ಭಾವ, ಸ್ವಲ್ಪ ನಿಲ್ಲಿಸಿ. ಇದು ಏನು ನೋಡಿ."

"ಮರದ ಪುಡಿ. ಇನ್ನೇನು, ಸಕ್ಕರೆನಾ?"

"ಇದು ಹಿಟ್ಟು ಭಾವ. ಚೈನಿನ ಹಲ್ಲು ಚೂಪಿದ್ರೆ ಚಕ್ಕೆ ಬೀಳುತ್ತೆ. ಹಿಟ್ಟು ಬಿದ್ದರೆ ಹಲ್ಲು ಮೊಂಡು. ಹಿಟ್ಟು ಕೆಲಸಕ್ಕೆ ಬೇಕರಿಯವರಿದ್ದಾರೆ, ನಾವ್ಯಾಕೆ?"

"ಮೊನ್ನೆ ತಾನೇ ಚೈನಿಗೆ ಸಾಣೆ ಹಿಡಿಸಿದ್ದು."

"ಯಾವ ಮೊನ್ನೆ? ಆಮೇಲೆ ಮೊಳೆ ಇದ್ದ ಮರ ಕೊಯ್ದಿದ್ದೀರಿ. ಚೈನು ಓಡ್ತಿರೋವಾಗ್ಲೇ ಮಣ್ಣಿಗೆ ತಾಗಿಸಿದ್ದೀರಿ. ಒಂದು ಸಲ ಮಣ್ಣು ಮುಟ್ಟಿದ್ರೆ ಸಾಕು, ಹಲ್ಲಿನ ಕಥೆ ಮುಗೀತು. ಒಂದು ದುಂಡು ಅರ ತಂದು ಕೂತ್ಕೊಂಡು ಉಜ್ಜೋಣ. ಗಾಳಿ ಹೋಗೋ ಜಾಲರಿನೂ ತೊಳೆಯೋಣ. ಮುದುಕಿ ಹುಡುಗಿ ಆಗ್ತಾಳೆ."

"ಕೂತ್ಕೊಂಡು ಹಲ್ಲುಜ್ಜೋಕೆ ನಾನೇನು ಹಲ್ಲಿನ ಡಾಕ್ಟ್ರಾ?"

ಮನೆಯಲ್ಲಿ ಈ ಮಾತು ಕೇಳಿ ಹೆಂಡತಿ ನಕ್ಕಳು. "ತಮ್ಮಾ, ಬೆಳಿಗ್ಗೆ ಎದ್ದು ತಮ್ಮ ಹಲ್ಲುಜ್ಜೋಕೇ ಇವರಿಗೆ ಸೋಮಾರಿತನ. ಮಿಷನ್ನಿಂದು ಉಜ್ಜುತ್ತಾರಾ?" ಆ ದಿನ ಮೂವರೂ ನಕ್ಕರು. ಆ ನಗು ಈಗ ಆ ಮನೆಯಲ್ಲಿ ಇಲ್ಲ.

ಒಳ್ಳೆಯ ಮಾತು ಸಪ್ಪೆ, ಕೆಟ್ಟ ಸಲಹೆ ರುಚಿ. ಗುಡುಗಣ್ಣ ಬೈಕ್ ರಿಪೇರಿಯ ಗ್ಯಾರೇಜಿನವನ ಹತ್ತಿರ ಹೋದ. ಗ್ಯಾರೇಜಿನವನು ಕೆಟ್ಟವನಲ್ಲ. ತನಗೆ ಗೊತ್ತಿಲ್ಲ ಎಂದು ಹೇಳುವುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

"ಅಣ್ಣ, ಇದಕ್ಕೆ ಉಸಿರು ಕಟ್ಟಿದೆ. ಬೈಕಿಗೂ ಹೀಗೇ ಮಾಡೋದು. ಸೈಲೆನ್ಸರಿಗೆ ನಾಲ್ಕು ತೂತು ಹೊಡೆದು ಒಳಗಿನ ತಗಡು ಕಿತ್ತುಬಿಟ್ರೆ ಹುಲಿ ಆಗುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೊಂಡಾಗಿದ್ದು ಹಲ್ಲು, ತೂತು ಬಿದ್ದದ್ದು ಸೈಲೆನ್ಸರಿಗೆ. ಹಗ್ಗ ಎಳೆದು ಚಾಲೂ ಮಾಡಿದಾಗ ಅಂಗಡಿಯ ಗಾಜುಗಳು ನಡುಗಿದವು. ಗುಡುಗಣ್ಣನ ಮುಖ ಅರಳಿತು. ಅಷ್ಟು ಮಂದ ಕಿವಿಗೂ ತನ್ನ ಮಿಷನ್ನು ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೇ ಮೊದಲು.

ಮರುದಿನ ಕೆಲಸದಲ್ಲಿ ಶಿಳ್ಳೆ ಮತ್ತೆ ಪುಡಿಯನ್ನು ಕೈಗೆತ್ತಿಕೊಂಡ. ಭಾವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

"ಭಾವ, ಸದ್ದು ಜಾಸ್ತಿಯಾಗಿದೆ. ಹಿಟ್ಟು ಹಾಗೇ ಇದೆ!"

"ಆಂ?"

"ಏನೂ ಇಲ್ಲ ಬಿಡಿ."

ಇನ್ನೂ ಒಂದು ತೊಂದರೆ ಶುರುವಾಯಿತು. ಮೊಂಡು ಹಲ್ಲನ್ನು ಒತ್ತಿ ಒತ್ತಿ ಓಡಿಸುವುದು ಒಂದು ಕಡೆ, ತೂತು ಬಿದ್ದ ಸೈಲೆನ್ಸರ್ ಇನ್ನೊಂದು ಕಡೆ. ಮುದುಕಿ ಕೆಂಡದಂತೆ ಕಾಯುತ್ತಿತ್ತು. ಕಾದಾಗ ಒಮ್ಮೆ ನಿಲ್ಲಿಸಿದರೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಹಗ್ಗ ಎಳೆದು ಎಳೆದು ಗುಡುಗಣ್ಣನ ಭುಜ ಸೋತಿತು. ಹಾಗಾಗಿ ಅವನು ನಿಲ್ಲಿಸುವುದನ್ನೇ ಬಿಟ್ಟ. ಕಚ್ಚು ಕೊಯ್ದವನೇ, ಮಿಷನ್ನು ಗುಡುಗುತ್ತಿರುವಾಗಲೇ, ಹಿಂದಕ್ಕೆ ಬಂದು ಕೊಯ್ಯತೊಡಗಿದ. ಅಪ್ಪ ಕಲಿಸಿದ ಕಟ್ಟುಪಾಡು ಹೀಗೆ ಯಾರೂ ಮುರಿಯಬೇಕು ಅಂದುಕೊಳ್ಳದೆಯೇ ಮುರಿದುಹೋಯಿತು.

"ನೀವು ನಿಲ್ಲಿಸದಿದ್ರೆ ನಾನು ಊದೋ ಶಿಳ್ಳೆ ಯಾರಿಗೆ ಭಾವ?" ಊಟಕ್ಕೆ ಕೂತಾಗ ಶಿಳ್ಳೆ ಕೇಳಿದ.

"ನಿಲ್ಲಿಸಿದ್ರೆ ಮತ್ತೆ ಹಿಡಿಯಲ್ಲ ಕಣೋ. ನನಗೂ ಕಣ್ಣಿಲ್ವಾ? ನಾನೇ ನೋಡ್ಕೋತೀನಿ."

"ನೀವು ಹಲ್ಲು ನೋಡ್ತೀರೋ, ಕೊಂಬೆ ನೋಡ್ತೀರೋ?"

"ಉಣ್ಣೋ ಸುಮ್ನೆ."

ಆ ಸಂಜೆ ಶಿಳ್ಳೆ ಅಂಗಡಿಗೆ ಹೋಗಿ ಒಂದು ದುಂಡು ಅರ ತಂದ. ಆ ಚೈನಿಗೆ ಯಾವ ದಪ್ಪದ್ದು ಬೇಕು ಎಂದು ಕೇಳಿ, ಅಳತೆ ನೋಡಿ ತಂದಿದ್ದ. ಭಾವನಿಗೆ ಕೊಡಲಿಲ್ಲ. ಹೊಲಿಯುತ್ತಿದ್ದ ಅಕ್ಕನ ಕೈಗೆ ಕೊಟ್ಟ.

"ಅಕ್ಕ, ಅವರ ಮನಸ್ಸು ಚೆನ್ನಾಗಿರೋವಾಗ ನೀನು ಕೊಡು. ನಾನು ಕೊಟ್ರೆ ಬೈತಾರೆ."

"ಇದನ್ನ ಹೇಗೋ ಉಜ್ಜೋದು?"

"ನಿನ್ನ ಕತ್ತರಿ ಮೊಂಡಾದ್ರೆ ಬಟ್ಟೆ ಜಗಿಯುತ್ತಲ್ಲ, ಹಾಗೇ ಇದು. ಹಲ್ಲಿನ ಓರೆ ಹೇಗಿದೆಯೋ ಹಾಗೇ ಅರ ಹಿಡೀಬೇಕು. ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೀಬಾರದು. ಎಲ್ಲಾ ಹಲ್ಲಿಗೂ ಒಂದೇ ಲೆಕ್ಕ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಆದ್ರೆ ಕೊಯ್ತ ಸೊಟ್ಟ ಹೋಗುತ್ತೆ. ಇನ್ನೊಂದು, ಪ್ರತಿ ಹಲ್ಲಿನ ಮುಂದೆ ಒಂದು ಚಿಕ್ಕ ಉಬ್ಬು ಇರುತ್ತೆ, ಗುಬ್ಬಿ ಅಂತಾರೆ. ಜಾಸ್ತಿ ಕಚ್ಚಲಿ ಅಂತ ಕೆಲವರು ಅದನ್ನ ಉಜ್ಜಿಬಿಡ್ತಾರೆ. ಅಳತೆ ಇಲ್ಲದೆ ಅದನ್ನ ಮುಟ್ಟಬಾರದು. ಮುಟ್ಟಿದ್ರೆ ಮಿಷನ್ನು ಮುಖಕ್ಕೇ ಹಾರುತ್ತೆ."

"ಆಯ್ತು ಮೇಷ್ಟ್ರೇ," ಎಂದು ಅಕ್ಕ ಅರವನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟಳು. ಗಂಡನ ಮನಸ್ಸು ಚೆನ್ನಾಗಿರುವ ಹೊತ್ತಿಗೆ ಕಾದಳು. ಆ ವಾರ ಒಂದಲ್ಲ ಒಂದು ರಗಳೆ. ನಾಳೆ ಕೊಟ್ಟರಾಯಿತು ಎಂದುಕೊಂಡಳು. ತಮ್ಮನಿಗೆಂದು ಒಂದು ಶರ್ಟು ಹೊಲಿಯುತ್ತಿದ್ದಳು. ಅದೂ ನಾಳೆ ಮುಗಿಸಿದರಾಯಿತು ಎಂದುಕೊಂಡಳು.

ಬೇಕರಿಯ ಹಿತ್ತಲಲ್ಲಿ ಒಂದು ಒಣಮರ ನಿಂತಿತ್ತು. ಅದನ್ನು ಉರುಳಿಸಿ ಸೌದೆ ಮಾಡಿಕೊಡಿ ಎಂದು ಯಜಮಾನ ಹೇಳಿದ. ಗುಡುಗಣ್ಣ ಕಚ್ಚು ಕೊಯ್ದ. ನಿಲ್ಲಿಸಲಿಲ್ಲ. ಹಿಂದಕ್ಕೆ ಬಂದು ಮಿಷನ್ನು ಒತ್ತಿದ. ಹಲ್ಲು ಮೊಂಡು, ಮರ ಗಟ್ಟಿ, ಎಷ್ಟು ಒತ್ತಿದರೂ ಒಳಗೆ ಹೋಗದು. ಆ ಅದುರಾಟಕ್ಕೆ ಮೇಲೆ ಒಂದು ಸತ್ತ ಕೊಂಬೆ ಸಡಿಲಾಯಿತು.

ಶಿಳ್ಳೆ ನೋಡಿದ. ಎರಡು ಬೆರಳು ಬಾಯಿಗಿಟ್ಟು ಎರಡು ಚಿಕ್ಕ ಶಿಳ್ಳೆ ಹೊಡೆದ.

ಒಲೆಯ ಮುಂದಿದ್ದ ಬೇಕರಿಯವರಿಗೆ ಕೇಳಿಸಿತು. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಕೇಳಿಸಿತು. ಆಚೆ ಬೀದಿಯಲ್ಲಿ ಕಿಟಕಿ ಪಕ್ಕ ಕೂತು ಶರ್ಟಿಗೆ ತೋಳು ಜೋಡಿಸುತ್ತಿದ್ದ ಅಕ್ಕನಿಗೂ ಕೇಳಿಸಿತು. ಹೊಲಿಗೆ ಮಿಷನ್ನು ತುಳಿಯುವುದನ್ನು ನಿಲ್ಲಿಸಿದಳು. ಮತ್ತೆ ಎರಡು ಚಿಕ್ಕ ಶಿಳ್ಳೆ. ಮತ್ತೆ ಎರಡು. ಕೇಳಿಸಬೇಕಾಗಿದ್ದ ಒಬ್ಬನಿಗೆ ಮಾತ್ರ ಕೇಳಿಸಲಿಲ್ಲ. ಅವನ ಕೈಯಲ್ಲಿ ಮುದುಕಿ ಗುಡುಗುತ್ತಿದ್ದಳು.

ಆಮೇಲೆ ಶಿಳ್ಳೆ ನಿಂತಿತು. ಅವನು ಓಡಿದ್ದ. ಓಡಬೇಕಾದದ್ದು ಭಾವ. ಓಡಿದ್ದು ಇವನು, ಅದೂ ಮರದ ಕಡೆಗೆ. ಭುಜಕ್ಕೆ ಭುಜ ಕೊಟ್ಟು ಭಾವನನ್ನು ಆಚೆ ತಳ್ಳಿದ. ಕೊಂಬೆ ಬಂದದ್ದು ಅವನ ತಲೆಯ ಮೇಲೆ. ತಲೆಗೆ ಹೆಲ್ಮೆಟ್ಟು ಇರಲಿಲ್ಲ. ಮಿಷನ್ನು ಗುಡುಗಣ್ಣನ ಕೈಯಿಂದ ಹಾರಿ ಬಿದ್ದು, ಮಣ್ಣಿನಲ್ಲಿ ಒಂದೇ ಸಮನೆ ಗುಡುಗುತ್ತಿತ್ತು. ಬೇಕರಿಯವನೊಬ್ಬ ಬಂದು ಅದನ್ನು ನಿಲ್ಲಿಸಿದ. ಆಗ ಆ ಹಿತ್ತಲು ಎಷ್ಟು ನಿಶ್ಶಬ್ದವಾಯಿತೆಂದರೆ, ಈಗ ಒಂದು ಸಣ್ಣ ಶಿಳ್ಳೆ ಹೊಡೆದಿದ್ದರೂ ಕೇಳುತ್ತಿತ್ತು. ಹೊಡೆಯುವವನಿರಲಿಲ್ಲ.

ಆಮೇಲಿನ ದಿನಗಳನ್ನು ವಿವರಿಸುವುದು ಬೇಡ. ಸಾವಿನ ಮನೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಗುಡುಗಣ್ಣನ ದನಿ ಇಳಿದುಹೋಯಿತು. ಬೀದಿಯವರು ಅವನನ್ನು ಗುಡುಗಣ್ಣ ಎಂದು ಕರೆಯಲು ನಾಚಿದರು. ಹೆಂಡತಿ ಅವನ ತಟ್ಟೆಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮೇಲೆ ಒಂದೇ ತೋಳಿನ ಶರ್ಟು ಹಾಗೇ ಬಿದ್ದಿತ್ತು. ಅದನ್ನು ಮಡಿಸಿಡಲು ಅವಳಿಗೆ ಮನಸ್ಸಾಗಲಿಲ್ಲ. ಬೇರೆ ಬಟ್ಟೆ ಬಂದರೆ ವಾಪಸು ಕಳಿಸುತ್ತಿದ್ದಳು. ಒಣಮರವನ್ನು ಬೇರೆ ಯಾರೋ ಬಂದು ಉರುಳಿಸಿ ಹೋದರು. ಆ ದಿಮ್ಮಿಯನ್ನು ಕೊಯ್ಯಿಸಲು ಬೇಕರಿ ಯಜಮಾನನಿಗೂ ಕೈ ಬರಲಿಲ್ಲ.

ಒಂದು ಬೆಳಿಗ್ಗೆ ಗುಡುಗಣ್ಣ ಮೆಟ್ಟಿಲ ಕೆಳಗಿದ್ದ ಮುದುಕಿಯನ್ನು ಗೋಣಿಚೀಲಕ್ಕೆ ಹಾಕಿದ.

"ಎಲ್ಲಿಗೆ?" ಹೆಂಡತಿ ಕೇಳಿದಳು.

"ಗುಜರಿಗೆ ಹಾಕ್ತೀನಿ. ನನ್ನ ಬಾಮೈದನ್ನ ತಿಂದ ಮಿಷನ್ನು ಇದು."

"ಅದು ತಿನ್ನಲಿಲ್ಲ. ನಾವು ತಿನ್ನಿಸಿದ್ವಿ."

ಅವಳು ಡ್ರಾಯರು ಎಳೆದು ಅರವನ್ನು ತೆಗೆದಳು. ಸುತ್ತಿದ ಕಾಗದ ಇನ್ನೂ ಬಿಚ್ಚಿರಲಿಲ್ಲ. "ಅವನು ತಂದಿದ್ದು. ನಿಮಗೆ ಕೊಡು ಅಂದಿದ್ದ. ನಾಳೆ ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಇಟ್ಕೊಂಡೆ."

ಗುಡುಗಣ್ಣ ಅರವನ್ನು ಮುಟ್ಟಲಿಲ್ಲ. "ಈಗ ಇದೆಲ್ಲ ಯಾಕೆ?"

"ಅವನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗ್ಬೇಕು. ಹಲ್ಲು ಉಜ್ಜಿದ್ರೆ ಸಾಕಿತ್ತಾ ಅಂತ ಗೊತ್ತಾಗ್ಬೇಕು."

"ಸಾಕಿತ್ತು ಅಂತಾದ್ರೆ? ಆಮೇಲೆ ನಾನು ಹೇಗೆ ಬದುಕಲಿ, ಹೇಳು?"

"ಅದು ನನಗೂ ಗೊತ್ತಿಲ್ಲ," ಎಂದಳು. "ಕೂತ್ಕೊಳ್ಳಿ."

ಇಬ್ಬರೂ ನೆಲದ ಮೇಲೆ ಕೂತರು. ಅವನು ಚೈನು ಸುತ್ತುವ ಉದ್ದನೆಯ ಪಟ್ಟಿಯನ್ನು ಅಲುಗಾಡದಂತೆ ಹಿಡಿದುಕೊಂಡ. ಅವಳು ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಅರ ಹಿಡಿದಳು. ಮುಂದಕ್ಕೆ ಮಾತ್ರ, ಎಲ್ಲಕ್ಕೂ ಒಂದೇ ಲೆಕ್ಕ. ಮುಂದಿನ ಗುಬ್ಬಿಗಳನ್ನು ಮುಟ್ಟಲಿಲ್ಲ. ತಮ್ಮ ಹೇಳಿದ್ದೆಲ್ಲ ಬಾಯಿಪಾಠವಾಗಿತ್ತು. ಒಂದೊಂದೇ ಹಲ್ಲು ಬೆಳಕಿಗೆ ಮಿನುಗತೊಡಗಿತು. ಗಾಳಿಯ ಜಾಲರಿಯನ್ನು ಸೋಪಿನ ನೀರಿನಲ್ಲಿ ಅದ್ದಿದಾಗ ಬೋಗುಣಿ ಪೂರ್ತಿ ಕಪ್ಪಾಯಿತು. ಉಸಿರು ಕಟ್ಟಿದ್ದು ನಿಜವೇ, ಆದರೆ ಕಟ್ಟಿದ್ದು ಇಲ್ಲಿ. ಪಟ್ಟಿಯ ಕಾಲುವೆಯಲ್ಲಿ ಹಳೆಯ ಪುಡಿ ಎಣ್ಣೆ ಸೇರಿ ಜಿಡ್ಡಾಗಿತ್ತು. ಅದನ್ನು ಕೆರೆದು ತೆಗೆದು, ಎಣ್ಣೆಯ ತೂತು ಬಿಡಿಸಿ, ಪಟ್ಟಿಯನ್ನು ತಿರುವಿ ಹಾಕಿದರು. ಚೈನು ಜೋಲಾಡದಂತೆ, ಕೈಯಿಂದ ಎಳೆದರೆ ಸರಾಗ ಓಡುವಂತೆ ಬಿಗಿ ಮಾಡಿದರು.

ಗ್ಯಾರೇಜಿನವನು ತಾನಾಗಿಯೇ ಬಂದ. ತೂತಿಲ್ಲದ ಸೈಲೆನ್ಸರ್ ಒಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಬಾಗಿಲಲ್ಲೇ ನಿಂತ.

"ಅಕ್ಕ, ಹೀಗಾಗುತ್ತೆ ಅಂತ..."

"ಹಾಕು," ಎಂದಳು ಅಷ್ಟೇ. ಅವನು ತಲೆ ಎತ್ತದೆ ಹಾಕಿಕೊಟ್ಟು ಹೋದ.

ಹೊಸ ಪೆಟ್ರೋಲಿಗೆ ಆ ಮಿಷನ್ನಿಗೆ ಗೊತ್ತುಮಾಡಿದ ಅಳತೆಯಷ್ಟೇ ಆಯಿಲ್ ಬೆರೆಸಿ ಹಾಕಿದರು. ಇಬ್ಬರೂ ಬೇಕರಿಯ ಹಿತ್ತಲಿಗೆ ಹೋದರು. ಯಜಮಾನ ದಾರಿ ಬಿಟ್ಟ. ಆ ಮರದ ದಿಮ್ಮಿ ಅಲ್ಲೇ ಬಿದ್ದಿತ್ತು. ಹೆಂಡತಿ ದೂರ, ಅವನ ಕಣ್ಣಿಗೆ ಕಾಣುವ ಕಡೆ ನಿಂತಳು. ಗುಡುಗಣ್ಣ ಹಗ್ಗ ಎಳೆದ. ಮುದುಕಿ ಚಾಲೂ ಆದಳು, ಗುಡುಗದೆ.

ದಿಮ್ಮಿಯ ಮೇಲೆ ಇಟ್ಟ. ಒತ್ತಲಿಲ್ಲ. ಒತ್ತುವ ಅಗತ್ಯವೇ ಬರಲಿಲ್ಲ. ಮಿಷನ್ನು ತನ್ನ ಭಾರಕ್ಕೆ ತಾನೇ ಇಳಿದುಹೋಯಿತು. ಅವನ ಪಾದದ ಮೇಲೆ ಬೆಚ್ಚಗೆ ಏನೋ ಸುರಿಯಿತು. ಚಕ್ಕೆ. ಅಗಲವಾದ, ಒಳ್ಳೆಯ ಚಕ್ಕೆ. ಒಂದು ತುಂಡು ಬೇರೆಯಾಗಿ ಉರುಳಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಎಂಥ ಸಂಕಟದಲ್ಲಿ ಕಟ್ಟಿದರೋ.

ಅವನು ಮಿಷನ್ನು ನಿಲ್ಲಿಸಿ ಕೆಳಗಿಟ್ಟ. ಚಕ್ಕೆಗಳನ್ನು ಬೊಗಸೆಯಲ್ಲಿ ಎತ್ತಿಕೊಂಡ.

"ಇಷ್ಟೇನಾ?" ಎಂದ. "ಇಷ್ಟಕ್ಕೇನಾ? ಒಂದು ಬೆಳಿಗ್ಗೆ ಕೂತ್ಕೊಂಡಿದ್ರೆ ಆಗ್ತಿತ್ತಲ್ಲೇ!"

ದಿಮ್ಮಿಯ ಮೇಲೆ ಕೂತು ಅವನು ಅತ್ತ. ಬೇಕರಿಯವರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಹತ್ತಿರ ಬಂದಳು. ಆ ದಿನದಿಂದ ಮೊದಲ ಬಾರಿ ಅವನ ಮುಖ ನೋಡಿದಳು. ಕಣ್ಣು ಒರೆಸಿಕೊಳ್ಳಲು ಸೆರಗು ಕೊಟ್ಟಳು.

"ಏಳಿ, ಉಳಿದಿದ್ದು ಕೊಯ್ಯಿರಿ. ಒಲೆ ಆರಿದೆ ಅವರದ್ದು."

ಅವನು ಎದ್ದ. ಸುತ್ತ ನೋಡಿದ. ಹಗ್ಗ ಎಳೆಯಲಿಲ್ಲ, ಸುಮ್ಮನೆ ನಿಂತ. ಶಿಳ್ಳೆಗೆ ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಅವಳು ದೂರ ಹೋಗಿ ನಿಂತು ಎರಡು ಬೆರಳು ಬಾಯಿಗಿಟ್ಟು ಊದಿದಳು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದಳು. ಗಾಳಿಯೇ ಬಂತು. ಕೊನೆಗೆ ಕೈ ಎತ್ತಿ ತೋರಿಸಿದಳು. ಅವನು ತಲೆಯಾಡಿಸಿ ಕೊಯ್ಯಲು ಬಗ್ಗಿದ.

ಗುಡುಗಣ್ಣ ಈಗಲೂ ಕೆಲಸ ಮಾಡುತ್ತಾನೆ. ತಟ್ಟನೆ ಚೈನು ನಿಲ್ಲಿಸುವ ಬ್ರೇಕು ಮುದುಕಿಗಿಲ್ಲ, ಅದಕ್ಕೆ ನೆಲದ ಮೇಲಿನ ದಿಮ್ಮಿ ಮಾತ್ರ ಕೊಯ್ಯುತ್ತಾನೆ. ತಲೆಗೆ ಹೆಲ್ಮೆಟ್ಟು, ಕಿವಿಗೆ ಮುಚ್ಚಳ. ಊರಿನ ಮೊಂಡು ಚೈನುಗಳೆಲ್ಲ ಈಗ ಅವರ ಮನೆಗೆ ಬರುತ್ತವೆ. ಹೊಲಿಗೆ ಮಿಷನ್ನಿನ ಪಕ್ಕ ಕೂತು ಹೆಂಡತಿ ಉಜ್ಜಿಕೊಡುತ್ತಾಳೆ. ಯಾರಾದರೂ ಬಂದು "ಮಿಷನ್ನು ಹಳೇದಾಯ್ತಕ್ಕ, ಸೈಲೆನ್ಸರಿಗೆ ತೂತು ಹೊಡೆಸ್ಲಾ?" ಎಂದರೆ ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ. "ಕೆಳಗೆ ಏನು ಬೀಳ್ತಿದೆ? ಹಿಟ್ಟಾ, ಚಕ್ಕೆನಾ?" ಗೋಡೆಗೆ ಒಂದೇ ತೋಳಿನ ಶರ್ಟು ನೇತುಹಾಕಿದೆ. ನೋಡಿದವರು ಮತ್ತೆ ತೂತಿನ ಮಾತು ಎತ್ತುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಹಳೆಯ ಮಿಷನ್ನು ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಕೊಯ್ಯುವಾಗ ಹಿಟ್ಟು ಬೀಳುತ್ತಿದ್ದರೆ ವಯಸ್ಸನ್ನು ಬೈಯಬೇಡಿ, ಅರ ತನ್ನಿ. ಜಾಲರಿ ತೊಳೆಯಿರಿ, ಪಟ್ಟಿ ಚೊಕ್ಕಟ ಮಾಡಿ. ಸೈಲೆನ್ಸರನ್ನೂ ಹಲ್ಲಿನ ಮುಂದಿನ ಗುಬ್ಬಿಯನ್ನೂ ಕೆಡಿಸಬೇಡಿ. ನಿಮಗೆ ಬಾರದಿದ್ದರೆ ಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ತಲೆಗೂ ಕಿವಿಗೂ ರಕ್ಷಣೆ ಇಲ್ಲದೆ ಹಗ್ಗ ಎಳೆಯಬೇಡಿ. ಕಿವಿ ಮುಚ್ಚಿದವರಿಗೆ ಕೂಗು ಕೇಳುವುದಿಲ್ಲ, ಅದಕ್ಕೇ ಕಚ್ಚು ಕೊಯ್ದ ಮೇಲೆ ಮಿಷನ್ನು ನಿಲ್ಲಿಸಿ, ಮುಚ್ಚಳ ಸರಿಸಿ, ತಲೆ ಎತ್ತಿ ಮರ ನೋಡಿ, ದೂರ ನಿಂತವರ ಸನ್ನೆಗೆ ಕಾಯಿರಿ. ಆ ಒಂದು ಗಳಿಗೆ ನಷ್ಟವಲ್ಲ.

ನಿಮಗಾಗಿ ಶಿಳ್ಳೆ ಹೊಡೆಯುವವರು ನಿಮ್ಮ ಹಿಂದೆ ಯಾರೋ ಇದ್ದಾರೆ. ಅವರು ಇರುವಾಗಲೇ ಕೇಳಿಸಿಕೊಳ್ಳಿ.